ಅಪ್ಪನ ಪರವಾಗಿ

ಪೋಥಿಯಾ, ಕಾಲಿಮ್ನೋಸ್ ದ್ವೀಪ
ಸೋಮವಾರ, ೧೪ ಮಾರ್ಚ್ ೧೯೮೮

ಪ್ರೀತಿಯ ಅಕ್ಕಾ,

‘ಬರೀತಾ ಇರು ಸಕೆಲ್, ಆದ್ರೆ…’ ಅಂದೆ ನೀನು. ಅಷ್ಟರಲ್ಲಿ ಹಡಗು ಕೂಗಿತು. ನಿನ್ನ ಬಾಯಿ ಇನ್ನೂ ಸ್ವಲ್ಪ ಹೊತ್ತು ಅಲುಗುತ್ತಿತ್ತು, ಭಾವ ನಿನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ಹದಿನೇಳು ವರ್ಷವಾಯಿತು. ಆ ‘ಆದ್ರೆ’ಯ ಮುಂದೆ ಏನಿದ್ದೀತು ಎಂದು ದಿನವೂ ಯೋಚಿಸಿದ್ದೇನೆ ಎಂದರೆ ಹೆಚ್ಚಾಗುತ್ತದೆ. ಕಚೇರಿಯಲ್ಲಿ ಬರೆದ ಸಾಲಿನ ಮಸಿ ಆರಲೆಂದು ಕಾಯುವಾಗ ಮಾತ್ರ ನೆನಪಿಗೆ ಬರುತ್ತದೆ. ಮಸಿ ಆರುತ್ತದೆ, ನಾನು ಮುಂದಿನ ಸಾಲಿಗೆ ಹೋಗುತ್ತೇನೆ.

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಡಾರ್ವಿನ್ನಿನಲ್ಲಿ ಈಗ ಮಳೆಗಾಲ ಮುಗಿಯುವ ಹೊತ್ತಿರಬೇಕು. ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೂಸಲು ಹಿಡಿಯುತ್ತದೆ ಎಂದು ನೀನು ಯಾವಾಗಲೋ ಬರೆದಿದ್ದೆ. ಭಾವನ ಬೆನ್ನು, ಮಕ್ಕಳ ಓದು, ಹಿತ್ತಲಿನ ನಿಂಬೆ ಗಿಡ, ಇವುಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ನಾಲ್ಕು ವರ್ಷ ಹಳೆಯದು. ಗಿಡ ಈಗ ಮರವಾಗಿರಬಹುದು. ಅಪ್ಪ ಹೋದ ಸುದ್ದಿ ತಿಳಿದ ಮೇಲೆ ನೀನು ಬರೆದ ಕೊನೆಯ ಕಾಗದದಲ್ಲಿ ಇದ್ದದ್ದು ಎರಡೇ ಸಾಲು. ‘ಅಪ್ಪ ನನ್ನ ಹೆಸರು ಹೇಳಿದನೇ? ಹೇಳಿದ್ದರೆ ಬರಿ, ಇಲ್ಲದಿದ್ದರೆ ಬರೆಯಬೇಡ.’ ನಾನು ಬರೆಯಲಿಲ್ಲ.

ಈ ಅಕ್ಷರವನ್ನು ಕಂಡ ಕೂಡಲೇ ನೀನು ಕಾಗದವನ್ನು ಮೇಜಿನ ಮೇಲಿಟ್ಟು ಎದ್ದು ಹೋಗಿದ್ದರೆ ಆಶ್ಚರ್ಯವಿಲ್ಲ. ಹದಿಮೂರು ವರ್ಷ ಇದೇ ಅಕ್ಷರದಲ್ಲಿ ಅಪ್ಪನ ಮಾತನ್ನು ಓದಿದವಳು ನೀನು. ಅಪ್ಪನಿಗೆ ಬರೆಯಲು ಬಾರದು, ಅವನು ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ, ಕೊನೆಯಲ್ಲಿ ಅವನು ತನ್ನ ಗುರುತೆಂದು ಒಂದು ಮೀನು ಗೀಚುತ್ತಿದ್ದ. ಕೆಲವು ಸಲ ಆ ಮೀನಿಗೆ ಕಣ್ಣಿಡಲು ಮರೆಯುತ್ತಿದ್ದ. ಆಗ ನಾನೇ ಇಡುತ್ತಿದ್ದೆ.

ಮೊದಲು ಊರ ಸುದ್ದಿ ಹೇಳುತ್ತೇನೆ. ಈ ವರ್ಷ ಚಳಿ ಬೇಗ ಹೋಯಿತು. ಈಸ್ಟರಿಗೆ ಇನ್ನೂ ನಾಲ್ಕು ವಾರವಿದ್ದರೂ ಹುಡುಗರು ಬೆಟ್ಟದ ಮೇಲೆ ಹಬ್ಬದ ರಾತ್ರಿ ಸಿಡಿಸುವ ಡೈನಮೈಟಿನ ಪರೀಕ್ಷೆ ಶುರುಮಾಡಿದ್ದಾರೆ, ಕಿಟಕಿ ಗಾಜಿಗೆಲ್ಲ ಕಾಗದದ ಪಟ್ಟಿ ಅಂಟಿಸಿದ್ದೇನೆ. ಸಮುದ್ರದಲ್ಲಿ ಸ್ಪಂಜಿಗೆ ಎರಡು ವರ್ಷದಿಂದ ರೋಗ ಬಿದ್ದಿದೆ. ಕೆಳಗೆ ಮುಳುಗಿದವರು ಹೇಳುತ್ತಾರೆ, ನೋಡಲು ಮೊದಲಿನ ಹಾಗೆಯೇ ಬಂಡೆಗೆ ಕಚ್ಚಿಕೊಂಡಿರುತ್ತದಂತೆ, ಕೈಯಿಟ್ಟರೆ ಹೊಗೆಯಾಗಿ ಕರಗಿಹೋಗುತ್ತದಂತೆ. ದೋಣಿಗಳು ಕಟ್ಟೆಗೆ ಕಟ್ಟಿಕೊಂಡು ನಿಂತಿವೆ. ಅಪ್ಪನ ತಂಗಿ, ನಮ್ಮ ಸೆವಸ್ತಿ ಅತ್ತೆ, ಚೆನ್ನಾಗಿದ್ದಾಳೆ. ಎಂಬತ್ತೊಂದು ವರ್ಷ. ಉಪವಾಸದ ದಿನಗಳಲ್ಲಿ ಆಲಿವ್ ಎಣ್ಣೆಯನ್ನೂ ಮುಟ್ಟುವುದಿಲ್ಲ, ಮುಟ್ಟುವವರನ್ನು ಬೀದಿಯಲ್ಲಿ ನಿಲ್ಲಿಸಿ ಕೇಳುತ್ತಾಳೆ. ಸ್ಮಶಾನದ ಮೆಟ್ಟಿಲುಗಳನ್ನು ನನಗಿಂತ ಬೇಗ ಹತ್ತುತ್ತಾಳೆ.

ಸ್ಮಶಾನದ ಮಾತು ಬಂತು. ಶನಿವಾರ ಅಪ್ಪನನ್ನು ಮೇಲಕ್ಕೆ ತೆಗೆದೆವು.

ನನ್ನ ಕೆಲಸ ನಿನಗೆ ಗೊತ್ತು, ಆದರೆ ಅದರೊಳಗೆ ಏನೇನಿದೆ ಎಂದು ನಾನು ಯಾವತ್ತೂ ಬರೆದಿಲ್ಲ. ಸಮಾಧಿಗಳ ದಫ್ತರು ನನ್ನ ಮೇಜಿನಲ್ಲಿರುತ್ತದೆ. ಯಾರನ್ನು ಯಾವ ಸಾಲಿನಲ್ಲಿ ಯಾವ ದಿನ ಹೂತರು ಎಂದು ಬರೆಯುವವನು ನಾನು, ಮೂರು ವರ್ಷವಾದ ಮೇಲೆ ಅವರ ಮನೆಗೆ ನೋಟೀಸು ಬರೆಯುವವನೂ ನಾನು. ಜಾಗ ಕಡಿಮೆ, ಬಂಡೆ ಹೆಚ್ಚು, ಸತ್ತವರೂ ಸರದಿಯಲ್ಲಿ ಮಲಗಬೇಕು. ಮನೆಯವರು ಬಂದು ಅಗೆಸಿ, ಎಲುಬುಗಳನ್ನು ವೈನಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಪೆಟ್ಟಿಗೆಯಲ್ಲಿಟ್ಟು ಅಸ್ಥಿಮನೆಯ ಕಪಾಟಿಗೆ ಸೇರಿಸುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಇಂಥ ನೋಟೀಸು ಎಷ್ಟು ಬರೆದೆನೋ. ಅಪ್ಪನ ಸರದಿ ಕಳೆದ ಅಕ್ಟೋಬರಿನಲ್ಲಿ ಬಂತು. ಆ ದಿನ ನಾನು ದಫ್ತರಿನ ಎರಡು ಹಾಳೆಗಳನ್ನು ಒಟ್ಟಿಗೆ ಮಗುಚಿದೆ. ನವೆಂಬರಿನಲ್ಲೂ ಹಾಗೆಯೇ ಮಾಡಿದೆ. ಯಾರೂ ಕೇಳಲಿಲ್ಲ, ಕೇಳಬೇಕಾದವನು ನಾನೇ ಆಗಿದ್ದೆ.

ಫೆಬ್ರವರಿಯಲ್ಲಿ ಅತ್ತೆ ಕಚೇರಿಗೇ ಬಂದಳು. ಜನ ಸಾಲಾಗಿ ನಿಂತಿದ್ದರು. ಅವರ ಮುಂದೆಯೇ ಕೋಲನ್ನು ನನ್ನ ಮೇಜಿಗೆ ಒರಗಿಸಿ ಅಂದಳು, ‘ಏನೋ ಸಕೆಲ್, ನಿಮ್ಮಪ್ಪನ್ನ ಒಬ್ಬನ್ನೇ ಮಣ್ಣೊಳಗೆ ಕೂಡಿಹಾಕಿದೀಯಲ್ಲ? ಅವನ ಪಕ್ಕದೋಳು, ಅವನಿಗಿಂತ ಎರಡು ತಿಂಗಳು ತಡವಾಗಿ ಹೋದೋಳು, ಎದ್ದು ಬಂದು ಪೆಟ್ಟಿಗೆ ಸೇರ್ಕೊಂಡ್ಲು. ನೋಟೀಸು ಬರಿಯೋನೂ ನೀನೇ, ಇಸ್ಕೊಳ್ಳೋನೂ ನೀನೇ. ಮತ್ಯಾರ ದಾರಿ ಕಾಯ್ತಿದೀಯ?’ ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ನಂತರ ನೋಟೀಸು ಬರೆದೆ, ದಿವಂಗತ ಪಂದೆಲಿಸರ ಮಗ ಸಕೆಲ್ಲಾರಿಸ್ ಅವರಿಗೆ ಎಂದು. ಕಳಿಸಿದವನ ಸಹಿ ಹಾಕಿದೆ, ಮುಟ್ಟಿದ್ದಕ್ಕೆ ಸಹಿ ಹಾಕಿದೆ. ಎರಡನ್ನೂ ಸ್ವಲ್ಪ ಬೇರೆ ಬೇರೆಯಾಗಿ ಹಾಕಲು ಪ್ರಯತ್ನಿಸಿದೆ ಎಂಬುದನ್ನು ಈಗ ಗಮನಿಸುತ್ತಿದ್ದೇನೆ.

ನಾನು ಯಾಕೆ ಹಾಳೆ ಮಗುಚಿದೆ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ ಎಂದು ಬೇಸರಪಡಬೇಡ, ನಿನಗೆ ಗೊತ್ತಿರುವುದೆಲ್ಲ ನಾನು ಬರೆದದ್ದು.

ಮೊದಲನೆಯ ಕಾಗದ ಅಪ್ಪನದೇ. ಅದರಲ್ಲಿ ಒಂದು ಅಕ್ಷರವೂ ನನ್ನದಿಲ್ಲ. ನೀನು ಹೋಗಿ ಎರಡು ತಿಂಗಳಾಗಿತ್ತು. ಅವನು ಅಂಗಳದಲ್ಲಿ, ಸ್ಪಂಜಿಗೆಂದು ಮುಳುಗಿ ಮೇಲೆ ಬಂದ ದಿನ ಸ್ವಾಧೀನ ತಪ್ಪಿದ ಎಡಗಾಲನ್ನು ಸ್ಪಂಜಿನ ಮೂಟೆಯ ಮೇಲೆ ಚಾಚಿ ಕುಳಿತು ಹೇಳಿದ, ‘ಬರಿ. ನನ್ನ ಕಾಲು ತಿಂದ ದೋಣಿಯೋನ ಮಗನ್ನ ಕಟ್ಕೊಂಡು ಹೋದೋಳಿಗೆ ಇಲ್ಲಿ ಬಾಗಿಲಿಲ್ಲ. ಮೂರನೇ ಸಲ ನನ್ನ ಕೆಳಗಿಳಿಸಿದಾಗ ಅವರಪ್ಪ ಮೇಲೆ ಕೂತು ಕಾಫಿ ಕುಡೀತಿದ್ದ, ಅದನ್ನೂ ಬರಿ.’ ಬರೆದೆ. ಅವನು ಮೀನು ಗೀಚಿದ, ನಿಬ್ಬು ಕಾಗದವನ್ನು ಹರಿಯಿತು. ಆ ಹರಿದದ್ದನ್ನು ನೀನು ನೋಡಿರುತ್ತೀಯ.

ಎರಡು ವರ್ಷ ಅವನು ಅದೇ ಧಾಟಿಯಲ್ಲಿದ್ದ. ಮೂರನೆಯ ವರ್ಷ ಬಾದಾಮಿ ಮರಗಳು ಹೂಬಿಡುವ ಹೊತ್ತಿಗೆ ಒಂದು ಮಧ್ಯಾಹ್ನ ನನ್ನನ್ನು ಕೂರಿಸಿ, ‘ಬರಿ, ಮೇಲೆ ಅವಳ ಕೋಣೆ ಹಾಸಿಗೇನ ಬಿಸಿಲಿಗೆ ಹಾಕ್ಸಿದೀನಿ’ ಅಂದ. ಅಷ್ಟೇ. ಮುಂದೆ ಏನು ಬರೆಯಲಿ ಎಂದರೆ, ‘ಅವಳಿಗೆ ಅರ್ಥ ಆಗತ್ತೆ’ ಅಂದ. ನಾನು ಬರೆದೆ, ಮೇಲಿನ ಕೋಣೆಯಲ್ಲಿ ಈಗ ಸ್ಪಂಜಿನ ಮೂಟೆಗಳಿವೆ. ಎರಡೂ ಸಾಲಿನ ಉದ್ದ ಹೆಚ್ಚುಕಡಿಮೆ ಒಂದೇ. ಅಪ್ಪ ಕಾಗದವನ್ನು ದೂರ ಹಿಡಿದು, ಓದುವವರ ಹಾಗೆ ಕಣ್ಣಾಡಿಸಿ, ತಲೆದೂಗಿದ. ಮೀನು ಗೀಚಿದ, ಈ ಸಲ ಅದಕ್ಕೆ ರೆಕ್ಕೆಯನ್ನೂ ಹಾಕಿದ. ಅಂದಿನಿಂದ ಹನ್ನೊಂದು ವರ್ಷ ನಾನು ಆ ಮೊದಲನೆಯ ಕಾಗದವನ್ನೇ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬರೆದೆ.

ಯಾಕೆ? ಮನೆ ನಿನ್ನದು. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಹಿರಿಯ ಮಗಳಿಗೆ, ಇದನ್ನು ಇಲ್ಲಿ ಯಾರೂ ಕೇಳುವುದಿಲ್ಲ, ಹೇಳುವುದೂ ಇಲ್ಲ. ಗಂಡಸು ಮದುವೆಯಾಗಿ ಹೆಂಡತಿಯ ಮನೆಗೆ ಹೋಗುತ್ತಾನೆ. ಮದುವೆಯಾಗದವನು ಅಕ್ಕನ ಮನೆಯಲ್ಲಿ ಅತಿಥಿ. ನೀನು ಬಂದರೆ ನಾನು ಯಾವ ಮೂಲೆಯಲ್ಲಿ ಪೆಟ್ಟಿಗೆ ಇಡಲಿ ಎಂಬ ಯೋಚನೆ ಇತ್ತು. ಇಷ್ಟನ್ನೇ ಕಾರಣವೆಂದು ಬರೆದು ಮುಗಿಸಬಹುದು, ನೀನು ನಂಬುತ್ತೀಯ, ಅದು ಅರ್ಧ ನಿಜವೂ ಹೌದು. ಉಳಿದರ್ಧ ಹೇಳುವುದು ಕಷ್ಟ. ಹೇಳಿ ಬರೆಸುವಾಗ ಅಪ್ಪನ ಮುಖ ಬದಲಾಗುತ್ತಿತ್ತು. ನಿನ್ನೊಡನೆ ಮಾತಾಡುವಾಗ ಮಾತ್ರ ಇರುವ ಒಂದು ಮುಖ. ಅವನು ನನ್ನ ಕಡೆಗೇ ನೋಡಿಕೊಂಡು ಮಾತಾಡುತ್ತಿದ್ದ, ಆದರೆ ನೋಟ ನನ್ನನ್ನು ದಾಟಿ ಎಲ್ಲೋ ನಿಲ್ಲುತ್ತಿತ್ತು. ನಾನು ಲೇಖನಿ ಕೆಳಗಿಟ್ಟ ಕೂಡಲೇ ಆ ಮುಖ ಮುಚ್ಚಿಕೊಳ್ಳುತ್ತಿತ್ತು. ‘ಊಟಕ್ಕೇನಿದೆ?’ ಅನ್ನುತ್ತಿದ್ದ.

ನಿನ್ನ ಕಾಗದಗಳನ್ನು ಅವನಿಗೆ ಓದುವವನೂ ನಾನೇ ತಾನೆ. ಕ್ಷಮಿಸು ಎಂದು ನೀನು ಬರೆದಲ್ಲೆಲ್ಲ ನಾನು ಡಾರ್ವಿನ್ನಿನ ಮಳೆಯನ್ನು ಓದಿದೆ. ಎರಡನೆಯ ಮಗ ಹುಟ್ಟಿದಾಗ ನೀನು ಪಂದೆಲಿಸ್ ಎಂದು ಅಪ್ಪನ ಹೆಸರಿಟ್ಟೆ. ಗಂಡು ಮಗು ಹುಟ್ಟಿದೆಯಂತೆ ಎಂದು ಓದಿ ನಿಲ್ಲಿಸಿದೆ. ‘ಹೆಸರು?’ ಅಂದ ಅಪ್ಪ. ಬರೆದಿಲ್ಲ ಅಂದೆ. ಅವನು ಮೂಟೆಯಿಂದ ಒಂದು ಸ್ಪಂಜು ತೆಗೆದು ಅಂಚು ಕತ್ತರಿಸತೊಡಗಿದ. ತುಂಬ ಹೊತ್ತಾದ ಮೇಲೆ, ‘ಮರ್ತಿರ್ತಾಳೆ. ಬಾಣಂತಿ’ ಅಂದ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಈಗ ಹಾಗೇನೂ ಅನ್ನಿಸುತ್ತಿಲ್ಲ.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ನೀನು ಯಾರದೋ ಕೈಯಲ್ಲಿ ಟೇಪ್ ರೆಕಾರ್ಡರು ಕಳಿಸಿದೆ. ಜೊತೆಗೆ ಖಾಲಿ ಕ್ಯಾಸೆಟ್ಟು. ಕಾಗದ ಸಾಕು, ಬೈದರೂ ಸರಿ, ಅವನ ಧ್ವನಿ ಕೇಳಬೇಕು ಎಂದು ಹೇಳಿಕಳಿಸಿದ್ದೆಯಂತೆ. ತಂದವರು ಅದನ್ನು ಅಪ್ಪನ ಮುಂದೆಯೇ ಹೇಳಿದರು, ಹಾಗಾಗಿ ನನಗೆ ತಿದ್ದಲು ಅವಕಾಶವಿರಲಿಲ್ಲ. ಕೆಂಪು ಗುಂಡಿ ಯಾವುದು, ಕಪ್ಪು ಗುಂಡಿ ಯಾವುದು ಎಂದು ಅವರೇ ತೋರಿಸಿದರು. ಅಪ್ಪ ವಾರಗಟ್ಟಲೆ ಅದನ್ನು ಮುಟ್ಟಲಿಲ್ಲ. ಮಂಚದ ಪಕ್ಕದಲ್ಲಿಟ್ಟು ಮೇಲೊಂದು ವಸ್ತ್ರ ಹೊದಿಸಿದ್ದ, ಪಂಜರದ ಹಕ್ಕಿಗೆ ಹೊದಿಸುತ್ತಾರಲ್ಲ, ಹಾಗೆ. ಅಕ್ಟೋಬರಿನ ಒಂದು ಮಧ್ಯಾಹ್ನ ನಾನು ಕಚೇರಿಯಿಂದ ಬಂದಾಗ ಅವನ ಕೋಣೆಯ ಬಾಗಿಲು ಮುಚ್ಚಿತ್ತು. ಆ ಬಾಗಿಲನ್ನು ಮುಚ್ಚಿದ್ದು ನಾನು ಯಾವತ್ತೂ ನೋಡಿರಲಿಲ್ಲ.

ನಿಂತೆ. ಹೊಸಿಲಿನ ಈಚೆ, ಬರಿಗಾಲಲ್ಲಿ. ಕಿವಿ ಮಂದವಾದ ಮೇಲೆ ಅಪ್ಪ ಬೀದಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದನೆಂದು ನಿನಗೆ ಗೊತ್ತು. ಅಂದು ಮಾತ್ರ ಅವನು ಪಿಸುದನಿಯಲ್ಲಿದ್ದ. ನೀರಿನೊಳಗಿಂದ ಬರುವ ಹಾಗೆ ಗುಳುಗುಳು ಎಂದು ಏನೋ ಬರುತ್ತಿತ್ತು, ಮಾತು ಬಿಡಿಬಿಡಿಯಾಗಿ ತಿಳಿಯುತ್ತಿರಲಿಲ್ಲ. ಹಿಂದಿನ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು, ನನ್ನ ನೆರಳು ಮುಂದಕ್ಕೆ ಚಾಚಿ ಬಾಗಿಲ ಸಂದಿಯಲ್ಲಿ ಒಳಗೆ ಹೋಗಿತ್ತು. ಎಷ್ಟು ಹೊತ್ತೋ. ಕಟ್ ಎಂದು ಗುಂಡಿಯ ಸದ್ದಾಯಿತು. ನಾನು ಅಡುಗೆಮನೆಗೆ ಹೋಗಿ ನೀರು ಕುಡಿದೆ. ಅಪ್ಪ ಕುಂಟುತ್ತ ಬಂದು ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು ಹೇಳಿದ, ‘ಇದನ್ನ ನೀನು ಬರೀಬೇಕಾಗಿಲ್ಲ. ಬರೀ ಅಂಚೆಗೆ ಹಾಕು.’ ನನ್ನ ಮುಖ ನೋಡಿದನೋ ಇಲ್ಲವೋ ನೆನಪಿಲ್ಲ. ಆ ಗಳಿಗೆಯನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೆಂದರೆ, ಒಮ್ಮೆ ನೋಡುತ್ತಾನೆ, ಒಮ್ಮೆ ನೋಡುವುದಿಲ್ಲ.

ಒಂಬತ್ತು ದಿನ ಅದು ನನ್ನ ಕೋಟಿನ ಜೇಬಿನಲ್ಲಿತ್ತು. ಹತ್ತನೆಯ ದಿನ ಊಟವಾದ ಮೇಲೆ ಮಲಗಿದ ಅಪ್ಪ ಏಳಲಿಲ್ಲ.

ಅವನನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಹೆಂಗಸರು ಕಾಫಿಗೆಂದು ಒಳಗೆ ಹೋದಾಗ ನಾನೊಬ್ಬನೇ ಇದ್ದೆ. ಕ್ಯಾಸೆಟ್ಟನ್ನು ಅವನ ದಿಂಬಿನ ಕೆಳಗೆ ಇಟ್ಟೆ. ಅದರಲ್ಲಿ ನನ್ನ ವಿಷಯ ಇದೆ ಎಂದು ನನಗೆ ಖಾತ್ರಿಯಾಗಿತ್ತು. ಅವನಿಗೆ ತಿಳಿದುಹೋಗಿದೆ, ಹೇಳಿಬಿಟ್ಟಿದ್ದಾನೆ. ಮಣ್ಣಿನೊಳಗೆ ಹೋದರೆ ಮುಗಿಯಿತು. ಹಾಗಂದುಕೊಂಡೆನೇ? ಅಕ್ಕಾ, ಮಣ್ಣಿಗಿಟ್ಟದ್ದು ಮೂರು ವರ್ಷಕ್ಕೆ ಮೇಲೆ ಬರುತ್ತದೆ ಎಂದು ಈ ದ್ವೀಪದಲ್ಲಿ ನನಗಿಂತ ಚೆನ್ನಾಗಿ ಬಲ್ಲವನು ಸಮಾಧಿ ಅಗೆಯುವ ಫೋಕಾಸ್ ಒಬ್ಬನೇ. ಬಾವಿ ಇತ್ತು. ಒಲೆ ಇತ್ತು. ಸುತ್ತಲೂ ಸಮುದ್ರ ಇತ್ತು. ಇನ್ನೊಂದು ಮಾತು. ಇಡುವ ಮೊದಲು ನಾನು ಅದನ್ನು ಅಡುಗೆಮನೆಯ ಮೇಜಿನ ಮೇಣಬಟ್ಟೆಯಲ್ಲಿ ಮೂರು ಸುತ್ತು ಸುತ್ತಿ, ಸ್ಪಂಜು ಪೋಣಿಸುವ ದಾರದಿಂದ ಬಿಗಿದು, ಅಂಚಿಗೆಲ್ಲ ಮೇಣದ ಬತ್ತಿ ಕರಗಿಸಿ ಹಾಕಿದ್ದೆ. ನಾಶಮಾಡಬೇಕಾದ ವಸ್ತುವನ್ನು ಯಾರಾದರೂ ಹೀಗೆ ಕಟ್ಟುತ್ತಾರೆಯೇ ಎಂದು ಆಗ ನನಗೆ ನಾನೇ ಕೇಳಿಕೊಳ್ಳಲಿಲ್ಲ. ಕೈಗಳು ಒಂದು ಮಾಡುತ್ತಿದ್ದವು, ನಾನು ಇನ್ನೊಂದು ಯೋಚಿಸುತ್ತಿದ್ದೆ. ಬರೆಯುವವರಿಗೆ ಈ ಅಭ್ಯಾಸ ಇರುತ್ತದೆ.

ಈ ಮೂರೂವರೆ ವರ್ಷ ಹೇಗೆ ಹೋಯಿತು ಎಂದು ವಿವರಿಸಲಾರೆ. ಸಾಧಾರಣವಾಗಿಯೇ ಹೋಯಿತು. ಕಚೇರಿಗೆ ಹೋದೆ, ನಿನ್ನ ಮನೆಗೆ ಸುಣ್ಣ ಹೊಡೆಸಿದೆ. ಟೇಪ್ ರೆಕಾರ್ಡರಿಗೆ ಆರು ತಿಂಗಳಿಗೊಮ್ಮೆ ಹೊಸ ಬ್ಯಾಟರಿ ಹಾಕಿದೆ, ಒಳಗೆ ಕ್ಯಾಸೆಟ್ಟಿಲ್ಲದಿದ್ದರೂ. ಕೆಲವು ಮಧ್ಯಾಹ್ನ ಅಪ್ಪನ ಕೋಣೆಯಿಂದ ಕಟ್ ಎಂಬ ಸದ್ದು ಕೇಳುತ್ತಿತ್ತು. ಹೋಗಿ ನೋಡಿದರೆ ಬಿಸಿಲಿಗೆ ಹಿಗ್ಗಿದ ಕಿಟಕಿ. ಒಂದೇ ಒಂದು ಕನಸು ಪದೇ ಪದೇ ಬರುತ್ತಿತ್ತು. ಈ ಮನೆ ಇದ್ದ ಹಾಗೆಯೇ ಸಮುದ್ರದ ತಳದಲ್ಲಿದೆ, ಪರದೆಗಳು ನಿಧಾನವಾಗಿ ಒಮ್ಮೆ ಇತ್ತ ಒಮ್ಮೆ ಅತ್ತ ತೂಗುತ್ತಿವೆ. ಅಪ್ಪ ತಾಮ್ರದ ಶಿರಸ್ತ್ರಾಣ ಹಾಕಿಕೊಂಡು ನಿನ್ನ ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದಾನೆ. ಗಾಜಿನ ಹಿಂದೆ ಅವನ ತುಟಿ ಅಲುಗುತ್ತಿದೆ. ನಾನು ಬಹಳ ಮೇಲೆ, ದೋಣಿಯಲ್ಲಿ, ಅವನಿಗೆ ಗಾಳಿ ಕಳಿಸುವ ಪಂಪಿನ ಚಕ್ರ ತಿರುಗಿಸುತ್ತಿದ್ದೇನೆ, ಆದರೂ ಅವನ ತುಟಿ ನನಗೆ ಕಾಣುತ್ತದೆ. ಸೊಂಟದ ಹಗ್ಗವನ್ನು ಅವನು ಒಂದು ಸಲ ಜಗ್ಗುತ್ತಾನೆ. ಒಂದು ಜಗ್ಗಿದರೆ ಮೇಲೆಳೆ ಎಂದೋ, ಇನ್ನೂ ಸ್ವಲ್ಪ ಬಿಡು ಎಂದೋ, ನನಗೆ ನೆನಪಾಗುವುದಿಲ್ಲ. ಕನಸಿನಲ್ಲಿ ಭಯವೇನೂ ಇರುತ್ತಿರಲಿಲ್ಲ. ನೀರು ಬೆಚ್ಚಗಿರುತ್ತಿತ್ತು. ಎದ್ದ ಮೇಲೆ ಅಂಗೈಯಲ್ಲಿ ಹಗ್ಗದ ಉರಿ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಹೋದೆವು. ಫೋಕಾಸ್ ಆಗಲೇ ಮೊಣಕಾಲಷ್ಟು ಅಗೆದಿದ್ದ. ಅತ್ತೆ ಬಿಳಿ ಹಚ್ಚಡ, ಸತ್ತವರ ಹೆಸರಲ್ಲಿ ಹಂಚಲು ಬೇಯಿಸಿದ ಗೋಧಿ, ಎರಡು ಬಾಟಲಿ ಕೆಂಪು ವೈನು ತಂದಿದ್ದಳು. ಓಣಿಯ ಹೆಂಗಸರು ನಾಲ್ಕೈದು ಜನ ಗೋಡೆಯ ನೆರಳಲ್ಲಿ ನಿಂತಿದ್ದರು. ನಾನು ಹಿಂದಿನ ದಿನವೇ ಪೆಟ್ಟಿಗೆಯ ಮೇಲೆ ಅಪ್ಪನ ಹೆಸರು ಬರೆದು ತಂದಿದ್ದೆ. ಪೇಂಟಿನಲ್ಲೂ ಅಕ್ಷರ ಚೆನ್ನಾಗಿಯೇ ಬಂದಿತ್ತು. ಪಾದ್ರಿಗಳು ಮಂತ್ರ ಮುಗಿಸಿ ಪಕ್ಕಕ್ಕೆ ಸರಿದರು. ಫೋಕಾಸ್ ಗುದ್ದಲಿ ಬಿಟ್ಟು ಕೈಯಿಂದ ಮಣ್ಣು ಸರಿಸತೊಡಗಿದ. ಪಾದದ ಕಡೆಯಿಂದ ಶುರುಮಾಡುವುದು ಅವನ ಪದ್ಧತಿ. ನಾನು ಲೆಕ್ಕ ಹಾಕಿದೆ, ತಲೆಗೆ ಬರುವ ಹೊತ್ತಿಗೆ ಇನ್ನರ್ಧ ಗಂಟೆ.

ಅತ್ತೆ ಗುಂಡಿಯ ಅಂಚಿನಲ್ಲಿ ಕುಳಿತು ಒಂದೊಂದೇ ಎಲುಬನ್ನು ಇಸಿದುಕೊಂಡು ಬೋಗುಣಿಯ ವೈನಿನಲ್ಲಿ ಅದ್ದಿ ತೊಳೆದಳು. ಅಳುತ್ತಿರಲಿಲ್ಲ. ಅವನೊಡನೆ ಮಾತಾಡುತ್ತಿದ್ದಳು. ‘ಬಾರೋ ಪಂದೆಲಿ, ಬಿಸಿಲಿಗೆ ಬಾ. ಮಲಗಿದ್ದು ಸಾಕು. ಅಮ್ಮ ಸ್ನಾನಕ್ಕೆ ಕರೆದ್ರೆ ಬೆಟ್ಟ ಹತ್ತಿ ಓಡ್ತಿದ್ದೆ, ಇವತ್ತು ನೋಡು ಹೇಗೆ ತೆಪ್ಪಗೆ ಮೈ ಕೊಟ್ಕೊಂಡಿದೀಯ.’ ಗುಂಡಿಯೊಳಗಿಂದ ಫೋಕಾಸ್, ‘ಸೆವಸ್ತಕ್ಕ, ಬಾಟ್ಲೀಲಿ ಒಂಚೂರು ಉಳಿಸು. ಬದುಕಿರೋರಿಗೂ ಬಾಯಾರತ್ತೆ’ ಅಂದ. ‘ನಿನ್ನ ಸರದಿ ಬರಲಿ, ಪೀಪಾಯಿಲೇ ಮುಳುಗಿಸ್ತೀನಿ’ ಅಂದಳು ಅತ್ತೆ. ಹೆಂಗಸರು ನಕ್ಕರು. ಎಲುಬುಗಳು ಹಳದಿಯಾಗಿದ್ದವು, ಜೇನಿನ ಬಣ್ಣ, ಒಳ್ಳೆಯ ಲಕ್ಷಣವೆಂದು ಎಲ್ಲರೂ ಒಪ್ಪಿದರು. ಎಡಗಡೆಯ ತೊಡೆಯ ಎಲುಬನ್ನು ಮಾತ್ರ ಅತ್ತೆ ಬಿಸಿಲಿಗೆ ಹಿಡಿದು ನೋಡಿದಳು. ಸೊಂಟಕ್ಕೆ ಕೂಡುವ ಆ ಗುಂಡು ಇದೆಯಲ್ಲ, ಅದು ಸಣ್ಣ ಸಣ್ಣ ತೂತಾಗಿ ಕುಸಿದಿತ್ತು. ಥೇಟ್ ಸ್ಪಂಜು. ಅದನ್ನು ಅವಳು ಬಹಳ ಹೊತ್ತು ವೈನಿನಲ್ಲಿ ಹಿಡಿದಿದ್ದಳು, ನೋವಿರುವ ಕಾಲಿಗೆ ಬಿಸಿನೀರು ಹಾಕುವ ಹಾಗೆ.

ನಾನು ಇದೆಲ್ಲವನ್ನೂ ನೋಡುತ್ತಿದ್ದೆ. ಎಲ್ಲವೂ ತುಂಬ ಸ್ಪಷ್ಟವಾಗಿ, ತುಂಬ ದೂರದಲ್ಲಿ ಕಾಣುತ್ತಿತ್ತು. ಪಕ್ಕೆಲುಬು ಬಂತು, ಭುಜ ಬಂತು. ಓಡಿಹೋಗಬಹುದಿತ್ತು. ಬಗ್ಗಿ, ನಾನೇ ತೆಗೀತೀನಿ ಎಂದು ಗುಂಡಿಗಿಳಿಯಬಹುದಿತ್ತು, ಮಗ ತಾನೆ, ಯಾರೂ ಬೇಡವೆನ್ನುತ್ತಿರಲಿಲ್ಲ. ಕಾಲು ಏಳಲಿಲ್ಲ. ಅಪ್ಪನಿಗೆ ಅವತ್ತು ದೋಣಿಯ ಮೇಲೆ ಹೀಗೇ ಆಗಿರಬೇಕು ಎಂಬ ಯೋಚನೆ ಬಂದದ್ದು ನೆನಪಿದೆ.

ಫೋಕಾಸ್ ತಲೆಬುರುಡೆಯನ್ನು ಎರಡೂ ಕೈಯಲ್ಲಿ ಎತ್ತಿ ಅತ್ತೆಗೆ ಕೊಟ್ಟ. ಅವಳು ಹಣೆಗೆ ಮುತ್ತಿಟ್ಟಳು. ‘ಇನ್ನೊಂದಿದೆ’ ಅಂದ ಫೋಕಾಸ್, ಮತ್ತು ಆ ಕಟ್ಟನ್ನು ಮೇಲಕ್ಕೆ ನೀಡಿದ. ಮೇಣಬಟ್ಟೆಯ ನೀಲಿ ಚೌಕುಳಿ ಮಣ್ಣಿನಡಿಯಲ್ಲೂ ಮಾಸಿರಲಿಲ್ಲ. ನಮ್ಮ ಅಡುಗೆಮನೆಯ ಮೇಜಿನ ಆ ಬಟ್ಟೆಯ ಮೇಲೆ ಅತ್ತೆ ನಲವತ್ತು ವರ್ಷ ಕಾಫಿ ಕುಡಿದಿದ್ದಾಳೆ. ಹಿಡಿದು ನೋಡಿದಳು, ಅಂಚನ್ನು ಒತ್ತಿದಳು, ಅಲುಗಿಸಿದಳು. ಒಳಗೆ ಲೊಟಲೊಟ ಸದ್ದಾಯಿತು. ‘ಏನೋ ಇದು ಸಕೆಲ್?’ ಅಂದಳು. ಅದೇನೆಂದು ಅವಳಿಗೆ ಹೊಳೆಯುತ್ತಿರುವುದು ಮುಖದಲ್ಲಿ ನಿಧಾನವಾಗಿ ಕಂಡಿತು. ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ ಅಂದಳು, ‘ಅವನು ನಂಗೆ ಹೇಳಿದ್ದ. ಮಗಳು ಥೆಮೆಲಿನಾಗೆ ಎಲ್ಲಾ ಹೇಳ್ಬಿಟ್ಟೆ ಸೆವಸ್ತಿ, ಆ ಮಾತಾಡೋ ಪೆಟ್ಟಿಗೆಯೊಳಗೆ ಹೇಳ್ಬಿಟ್ಟೆ, ಇನ್ನು ಅವಳು ಬರ್ತಾಳೆ ಅಂದಿದ್ದ. ಬರ್ಲಿಲ್ಲ ಅಂತ ಮೂರು ವರ್ಷ ಆ ಹುಡುಗೀನ ಬೈದ್ನಲ್ಲೋ. ಅವಳ ಹೆಸರಲ್ಲಿ ದೀಪ ಹಚ್ಚೋದನ್ನೂ ಬಿಟ್ಟೆ.’

ಅವಳು ನನ್ನನ್ನು ಹೊಡೆಯಬಹುದಿತ್ತು. ಗೋಡೆಯ ನೆರಳಲ್ಲಿದ್ದವರಿಗೆ ಕೂಗಿ ಹೇಳಬಹುದಿತ್ತು. ನಾನು ಅದನ್ನೇ ಕಾಯುತ್ತಿದ್ದೆ, ಸ್ವಲ್ಪ ಆಸೆಯಿಂದಲೇ. ಅವಳು ಕಟ್ಟನ್ನು ವೈನಿನಲ್ಲಿ ಅದ್ದಿದಳು. ಸಂದಿಯ ಮಣ್ಣನ್ನು ಬೆರಳಿನಿಂದ ಬಿಡಿಸಿ, ತಿರುಗಿಸಿ ತಿರುಗಿಸಿ, ಉಳಿದವನ್ನು ತೊಳೆದಷ್ಟೇ ನಿಧಾನವಾಗಿ ತೊಳೆದಳು. ನಂತರ ಬಿಳಿ ಹಚ್ಚಡದ ಮೇಲೆ, ತಲೆಬುರುಡೆ ಮತ್ತು ಕುತ್ತಿಗೆಯ ಎಲುಬುಗಳ ನಡುವೆ ಜಾಗ ಮಾಡಿ, ಒಣಗಲು ಇಟ್ಟಳು. ಮಧ್ಯಾಹ್ನದವರೆಗೂ ಜನ ಬರುತ್ತಿದ್ದರು. ಬಗ್ಗಿ ನಮಸ್ಕರಿಸಿದರು, ಗೋಧಿ ತಿಂದರು, ಆ ನೀಲಿ ಕಟ್ಟನ್ನು ನೋಡಿದರು. ಒಬ್ಬರೂ ಕೇಳಲಿಲ್ಲ. ನಾನು ತಲೆಯ ಕಡೆ ನಿಂತು ಎಲ್ಲರ ಕೈ ಕುಲುಕಿದೆ.

ಇವತ್ತು ಅತ್ತೆ ಕಟ್ಟನ್ನು ನನ್ನ ಮುಂದಿಟ್ಟು ಬಿಚ್ಚಿಸಿದಳು. ಒಳಗೆ ಒಂದು ಹನಿ ನೀರೂ ಹೋಗಿಲ್ಲ. ಫೋಕಾಸನ ಮಗಳು ಗುರುವಾರ ಡಾರ್ವಿನ್ನಿಗೆ ಹೊರಟಿದ್ದಾಳೆ, ಅವಳ ಕೈಯಲ್ಲೇ ಕಳಿಸಬೇಕಂತೆ. ಹೊಸ ಬಟ್ಟೆಯನ್ನು ಅತ್ತೆಯೇ ತಂದು, ‘ಕಟ್ಟಿ ವಿಳಾಸ ಬರಿ. ಇನ್ನೇನೂ ಬರೀಬೇಡ. ಸಂಜೆ ಬಂದು ತಗೊಂಡು ಹೋಗ್ತೀನಿ’ ಎಂದಳು. ಆದರೂ ನಾನು ಇದನ್ನು ಬರೆಯುತ್ತಿದ್ದೇನೆ. ಕ್ಯಾಸೆಟ್ಟಿನ ಜೊತೆಗೆ ಕಟ್ಟಿಬಿಡುತ್ತೇನೆ. ಅದರಲ್ಲಿ ಏನಿದೆಯೆಂದು ನನಗೆ ತಿಳಿಯದು, ಅದನ್ನು ನಾನು ಕೇಳಿಲ್ಲ. ಕೇಳುವ ಹಕ್ಕೂ ನನಗಿಲ್ಲ. ನೀನು ಕೇಳಿದ ಎರಡು ಸಾಲಿನ ಪ್ರಶ್ನೆಗೆ ಉತ್ತರ ಅದರಲ್ಲಿರಬಹುದು.

ಮೇಲಿನ ಕೋಣೆಯ ಹಾಸಿಗೆಯನ್ನು ನಿನ್ನೆ ಬಿಸಿಲಿಗೆ ಹಾಕಿದ್ದೇನೆ. ಈ ಸಾಲು ನಿಜ. ಮನೆಯ ಬೀಗದ ಕೈ ಅತ್ತೆಯ ಹತ್ತಿರ ಕೊಟ್ಟಿರುತ್ತೇನೆ. ಬಂದರಿನ ಹಿಂದೆ ಒಂದು ಕೋಣೆ ನೋಡಿಕೊಂಡಿದ್ದೇನೆ, ಕಿಟಕಿಯಿಂದ ದೋಣಿಗಳ ತುದಿ ಕಾಣುತ್ತದೆ. ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಗಳು ಕಲ್ಲಿಯೋಪಿಗೆ, ದೊಡ್ಡವನಿಗೆ, ಮತ್ತು ಪಂದೆಲಿಸನಿಗೆ ಮಾವನ ಆಶೀರ್ವಾದ. ಅದನ್ನು ನಿನ್ನ ಮಗನ ಹೆಸರೆಂದು ಬರೆಯುತ್ತಿರುವುದು ಈ ಕಾಗದದಲ್ಲೇ ಮೊದಲು. ನೀನು ಚೆನ್ನಾಗಿರು. ಸಂತರು ನಿನ್ನ ಮಂಡಿಯನ್ನೂ ಮನೆಯನ್ನೂ ಕಾಯಲಿ.

ನಿನ್ನ ತಮ್ಮ,
ಸಕೆಲ್ಲಾರಿಸ್

ತಾ.ಕ. ಅತ್ತೆ ಓಣಿಯ ತುದಿಯಲ್ಲಿ ಯಾರನ್ನೋ ಬೈಯುತ್ತ ಬರುತ್ತಿರುವುದು ಕೇಳುತ್ತಿದೆ, ಹಾಗಾಗಿ ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲೆ, ಕ್ಯಾಸೆಟ್ಟನ್ನು ಕೇಳಿಲ್ಲ ಎಂದು ಬರೆದಿದ್ದೇನೆ. ಹಳೆಯ ಕೈ, ತಾನಾಗಿ ಬರೆದುಬಿಟ್ಟಿತು. ಹೊಡೆದುಹಾಕದೆ ಬಿಟ್ಟಿದ್ದೇನೆ, ಇಷ್ಟು ವರ್ಷ ಹೇಗೆ ಬರೆಯುತ್ತಿದ್ದೆ ಎಂದು ನಿನಗೂ ಕಾಣಲಿ. ಈ ಕಾಗದ ಶುರುಮಾಡುವ ಮೊದಲೇ ಅದನ್ನು ಅಪ್ಪನ ಕೋಣೆಗೆ ಒಯ್ದು ಕಪ್ಪು ಗುಂಡಿ ಒತ್ತಿದ್ದೆ. ಮೊದಲು ಬರೀ ಉಸಿರು. ಕುರ್ಚಿ ಕಿರುಗುಟ್ಟಿತು. ಆಮೇಲೆ ಅವನು, ಬಹಳ ಹತ್ತಿರದಿಂದ, ‘ಥೆಮೆಲಿನಾ, ಮಗಳೇ’ ಅಂದ. ಸ್ವಲ್ಪ ತಡೆದು, ‘ಸಕೆಲ್ ಬಾಗಿಲಾಚೆ ನಿಂತಿದಾನೆ. ಅವನ ನೆರಳು ಕಾಣ್ತಿದೆ. ನಿಂತಿರ್ಲಿ. ಅವನಿಗೆ…’ ಅಂದ. ನಾನು ನಿಲ್ಲಿಸಿದೆ. ಆ ಜಾಗದಲ್ಲೇ ಸುರುಳಿ ನಿಂತಿದೆ, ಹಿಂದಕ್ಕೆ ತಿರುಗಿಸಿಲ್ಲ. ಅಲ್ಲಿಂದ ಮುಂದೆ ನೀನು ಕೇಳುತ್ತೀಯ. ಕೇಳಿದ ಮೇಲೆ, ಬರೆದರೆ ಒಂದೇ ಸಾಲು ಸಾಕು, ತಿದ್ದದೆ ಬರಿ: ಅವನಿಗೆ ಏನು, ಅಕ್ಕಾ?